ಚೆನ್ನಾಗೇನೋ ಮಾತಾಡ್ತಾಳೆ

ಗುರುವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ನಾನು ಬಾಬುರಾಯನಕೊಪ್ಪಲಿನ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರೆದುರು ನನ್ನ ವಿದ್ಯಾರ್ಥಿನಿ. ನನಗೂ ಅವಳ ಕುರ್ಚಿಗೂ ನಡುವೆ ಎರಡು ಹೆಜ್ಜೆ. ನಾನು ಆಡಿದ್ದು ಅವಳಿಗೆ ಕೇಳಿಸಿರಲಿಕ್ಕಿಲ್ಲ ಎನ್ನುವ ಹಾಗಿಲ್ಲ.

ಕಾರ್ಖಾನೆಯೊಂದರಲ್ಲಿ ದುಭಾಷಿಯಾಗಿದ್ದು ನಿವೃತ್ತನಾದ ಮೇಲೆ ಆ ಕೋಣೆಯಲ್ಲಿ ಜಪಾನಿ ಭಾಷೆ ಕಲಿಸುತ್ತೇನೆ. ಅವಳು ಬಿಂಡಿಗನವಿಲೆಯವಳು. ನಾಗಮಂಗಲದ ಆಸ್ಪತ್ರೆಯೊಂದರಲ್ಲಿ ಪಾಳಿ ಮುಗಿಸಿ, ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಎರಡು ವರ್ಷ ತಪ್ಪದೆ ಬಂದಳು. ಜಪಾನಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಬೇಕೆಂಬುದು ಅವಳ ಹಠ.

ಸಂದರ್ಶನಕ್ಕೆ ಒಂದು ವಾರ ಮೊದಲು ಗುಣವಾಚಕಗಳ ಪಾಠ ಮಾಡಿದ್ದೆ. 'ಯಾಸುಯಿ' ಎಂದರೆ ಅಗ್ಗ. 'ಯಾಸುಯಿ ಕೊತೊ ವಾ ಯಾಸುಯಿ ಗಾ' ಎಂದರೆ ಅಗ್ಗವೇನೋ ಅಗ್ಗವೇ, ಆದರೆ. ಗುಣವನ್ನು ಎರಡು ಸಲ ಹೇಳಿ ಒತ್ತು ಕೊಟ್ಟು, ಆ ಒತ್ತಿನಲ್ಲೇ ಅದರ ವಿರುದ್ಧದ ಮಾತಿಗೆ ಜಾಗ ಬಿಡುವ ಕ್ರಮ. 'ಸಮುಕು ವಾ ನಾಯ್', ಚಳಿಯೇನಿಲ್ಲ. ಅಂದರೆ ಬೇರೇನೋ ಇದೆ. 'ಆದರೆ' ಎಂದು ಸುಮ್ಮನಾದರೂ ಆಯಿತು, ಉಳಿದದ್ದನ್ನು ಕೇಳುವವರು ತುಂಬಿಕೊಳ್ಳುತ್ತಾರೆ ಎಂದೆ.

ಮಾಕವಳ್ಳಿಯಿಂದ ತರಗತಿಗೆ ಬರುವ ಎಲೆಕ್ಟ್ರಿಷಿಯನ್ ನಕ್ಕ. "ಎಣ್ಣು ನೋಡಾಕ್ ಬಂದೋರು ಇದನ್ನೇ ಅಲ್ವಾ ಸಾ ಏಳಾದು? ಉಪ್ಪಿಟ್ಟು ತಿಂದು ಕಾಫಿ ಕುಡ್ದು, 'ಉಡ್ಗಿ ಚೆಂದಾಗೇನೋ ಅವ್ಳೆ' ಅಂತ ಎದ್ದೋಯ್ತಾರೆ."

ಎಲ್ಲರೂ ನಕ್ಕರು. ಅವಳು ಬರೆದುಕೊಳ್ಳುತ್ತಲೇ ಅಂದಳು: "ನಂಗೆ ನಾಕ್ ಸತಿ ಅಂದವ್ರೆ ಕಣಣ್ಣ. ಅದು ಜಪಾನಿ ಅಂತ ಆವಾಗ ಗೊತ್ತಿರ್ಲಿಲ್ಲ."

ಗುರುವಾರ ಸಂದರ್ಶನಕ್ಕೆ ಪರದೆಯಲ್ಲಿದ್ದವರು ಜಪಾನಿನ ಒಂದು ವೃದ್ಧಾಶ್ರಮದ ಮುಖ್ಯಸ್ಥೆ. ಇದ್ದದ್ದು ಒಂದೇ ಜಾಗ. ಮುದುಕರನ್ನು ಎತ್ತಿ ಕೂರಿಸುವುದು ಕಷ್ಟವಲ್ಲವೇ ಎಂದು ಕೇಳಿದರು. ಕಷ್ಟವೇನೋ ಕಷ್ಟವೇ, ಆದರೆ ನನಗೆ ಆ ಕೆಲಸ ಇಷ್ಟ, ಎಂದಳು. ನಾನು ಕಲಿಸಿದ ವಾಕ್ಯವನ್ನೇ ಬಳಸಿ, 'ಆದರೆ'ಯ ಆಚೆಗೆ ತಾನೇ ದಾಟಿದಳು. ಆಕೆ ಮುಗುಳ್ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಇವರ ಜಪಾನಿ ಹೇಗಿದೆ ಎಂದು ಕೇಳಿದರು.

ಚೆನ್ನಾಗಿದೆ ಅನ್ನಬೇಕಿತ್ತು. ಅದು ನಿಜವೂ ಆಗಿತ್ತು. ದೇವಸ್ಥಾನದ ಅಡುಗೆ ಮಾಡಿಕೊಂಡಿದ್ದ ಮನೆ ನಮ್ಮದು. ಎದುರಿಗೆ ಪೂರ್ತಿ ಹೊಗಳುವ ಪದ್ಧತಿ ಇಲ್ಲ. ಐವತ್ತು ವರ್ಷ ನನ್ನ ತಾಯಿ ಬಡಿಸಿದ್ದಕ್ಕೆಲ್ಲ ನನ್ನ ತಂದೆ "ಪರವಾಗಿಲ್ಲ" ಎಂದಷ್ಟೇ ಅಂದವರು. ನನ್ನ ಬಾಯಿಂದ ಬಂದದ್ದು: "ಜೋಝು ನಾ ಕೊತೊ ವಾ ಜೋಝು ದೆಸು ಗಾ." ಚೆನ್ನಾಗೇನೋ ಮಾತಾಡ್ತಾಳೆ, ಆದರೆ. ಮುಂದೇನೂ ಹೇಳಲಿಲ್ಲ. ಹೇಳುವಂಥ ಕೊರತೆಯೂ ಇರಲಿಲ್ಲ. ಪರದೆಯ ಆಚೆ ಆಕೆ ತಲೆಯಾಡಿಸಿ ಏನೋ ಬರೆದುಕೊಂಡರು. ಅವಳು ತಿರುಗಿ ನನ್ನನ್ನು ನೋಡಲಿಲ್ಲ. ಮಡಿಲಲ್ಲಿದ್ದ ಕೈಗಳನ್ನು ಮಾತ್ರ ಮೇಜಿನ ಮೇಲಿಟ್ಟಳು.

ಮೂರನೆಯ ದಿನ ಉತ್ತರ ಬಂತು. ಜಾಗವನ್ನು ಬೇರೆಯವರಿಗೆ ಕೊಟ್ಟಿದ್ದೇವೆ, ಶಿಕ್ಷಕರಿಗೇ ಸಂಶಯವಿದ್ದಂತೆ ಕಂಡಿತು, ಎಂದಿತ್ತು. ಸಂಶಯವೇನಿಲ್ಲ ಎಂದು ತಿದ್ದಿ ಬರೆದೆ, ತಡವಾಯಿತು ಎಂದರು. ಅವಳೂ ಅವಳ ತಾಯಿಯೂ ಪುಸ್ತಕ ಹಿಂದಿರುಗಿಸಲು ಬಂದಾಗ ಎರಡು ಉತ್ತರಗಳನ್ನೂ ಓದಿ ಹೇಳಿದೆ.

ತಾಯಿ ಕೇಳಿದರು: "ಅವತ್ತು ನೀವು ಅವ್ರಿಗೆ ಏನಂದ್ರಿ ಮೇಷ್ಟ್ರೆ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು: "ಚೆಂದಾಗೇನೋ ಮಾತಾಡ್ತಾಳೆ ಅಂದ್ರು ಕಣವ್ವ."

ಆ ತಾಯಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಬ್ಯಾಗು ಎತ್ತಿಕೊಂಡು, "ನಡಿ, ಬಸ್ಸೋಯ್ತದೆ," ಎಂದರು.

ಇದರಲ್ಲಿ ನಾನೇನಾದರೂ ನನಗೆ ಅನುಕೂಲವಾಗುವಂತೆ ಬರೆದಿದ್ದರೆ ಹೇಳಬಲ್ಲವರು ಇದ್ದಾರೆ. ಗುರುವಾರ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಆ ತಾಯಿ. ಲ್ಯಾಪ್‌ಟಾಪಿನ ವೈರು ಸರಿಪಡಿಸಲು ನಿಂತಿದ್ದ ಮಾಕವಳ್ಳಿಯವನು. ಅವನು ಅಂದಿನಿಂದ ತರಗತಿಯಲ್ಲಿ ತಮಾಷೆ ಮಾಡಿಲ್ಲ. ಪರದೆಯ ಆಚೆಗಿನ ಆಕೆ. ಮತ್ತು ಅವಳು. ಅವಳು ನಾಗಮಂಗಲದ ಅದೇ ಆಸ್ಪತ್ರೆಯಲ್ಲಿದ್ದಾಳೆ, ತರಗತಿಗೆ ಬರುವುದಿಲ್ಲ.