ಸೆರಗಿನ ಮೇಲಿನ ರಾಕೆಟ್

ಹೋದ ತಿಂಗಳು ಮಗ್ಗದ ಕೋಣೆಯ ಮೂಲೆಯಲ್ಲಿದ್ದ ಗೋಣಿಚೀಲ ಬಿಚ್ಚಿದೆ. ಹಳೆಯ ರಟ್ಟು, ಮಗ್ಗದ ಎಣ್ಣೆ ಬೆರೆತ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಸೆರಗಿನ ನಕ್ಷೆ ಮೂಡಿಸಲು ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಹಾಕುವ, ತೂತು ಹೊಡೆದ ರಟ್ಟಿನ ಪಟ್ಟಿಗಳು. ನಮ್ಮ ಯಜಮಾನರು ಕೈಯಾರೆ ಹೊಡೆದವು. ಅವರು ಹೋಗಿ ಮೂರು ವರ್ಷವಾಯಿತು... ಚೀಲದೊಳಗಿನ ಕೈ ಅಲ್ಲೇ ನಿಂತುಬಿಟ್ಟಿತು.

ಬೀಳಗಿಯಿಂದ ಬನಹಟ್ಟಿಗೆ ಸೊಸೆಯಾಗಿ ಬಂದಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಕಾಮಿಕ್ಸ್ ಬಚ್ಚಿಟ್ಟು ತಂದಿದ್ದೆ. ಬಾಹ್ಯಾಕಾಶ, ಯಂತ್ರಮಾನವರು, ಬೇರೆ ಗ್ರಹದವರು, ಬರೀ ಇಂಥವೇ. ಗಂಡನ ಮನೆಯಲ್ಲಿ ಕಂಡರೆ ಏನಂದಾರೋ ಎಂಬ ದಿಗಿಲು. ನಾಲ್ಕನೇ ದಿನ ಅವರ ಕಣ್ಣಿಗೇ ಬಿದ್ದವು. ಅವರು ಒಳಗೆ ಹೋಗಿ, ನೂಲಿನ ಪೆಟ್ಟಿಗೆಯಿಂದ ತಮ್ಮದೊಂದು ಕಟ್ಟು ತಂದು ನನ್ನ ಮುಂದಿಟ್ಟರು.

“ಇದರಾಗ ಇಲ್ಲದ್ದು ನಿನ್ನ ಕಡೆ ಯಾವುದೈತಿ, ತಗಿ.”

ಅಬ್ಬಾ! ನನಗೆ ಖರೇನೇ ಮದುವೆಯಾದದ್ದು ಆಗ.

ಕರೆಂಟು ಹೋಗಿ ಮಗ್ಗ ನಿಂತರೆ ಊರಿಗೆಲ್ಲ ಸಿಟ್ಟು, ನಮಗಿಬ್ಬರಿಗೆ ಹಬ್ಬ. ಒಂದೇ ಪುಸ್ತಕದ ಮೇಲೆ ಇಬ್ಬರೂ ಬಗ್ಗುತ್ತಿದ್ದೆವು. ಜಮಖಂಡಿಯ ಥೇಟರಿಗೆ ರಾಕೆಟ್ಟಿನ ಸಿನಿಮಾ ಬಂದರೆ ಬೈಕು ಹತ್ತುತ್ತಿದ್ದೆವು. ಹೋಗುವಾಗ ಖುಷಿ, ಬರುವಾಗ ಕಥೆಯ ಬಗ್ಗೆ ಜಗಳ.

ದೊಡ್ಡ ಜಗಳವೆಂದರೆ ಒಂದು ಕಾಮಿಕ್ಸಿನದು. ಭೂಮಿ ಬಿಟ್ಟು ಹೋದವನೊಬ್ಬನ ಕಥೆ. ಅದರ ಕೊನೆಯ ಭಾಗ ನಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಗೆ ಬರಲೇ ಇಲ್ಲ. ಅವನು ಮನೆಗೆ ಬಂದೇ ಬರುತ್ತಾನೆ ಎಂದು ನಾನು. ಇಲ್ಲ, ಇನ್ನೂ ಮುಂದೆ ಹೋಗುತ್ತಾನೆ ಎಂದು ಅವರು. ವರ್ಷಗಟ್ಟಲೆ ವಾದಿಸಿ ಕಡೆಗೆ ಅವರು ಗ್ರಾಫ್ ಹಾಳೆಯ ಮೇಲೆ ಮೇಲೇರುವ ರಾಕೆಟ್ ಬರೆದರು. ಅದೇ ನಕ್ಷೆಗೆ ರಟ್ಟು ಹೊಡೆದು ನನಗೊಂದು ಸೀರೆ ನೇಯಲು ನಿಂತರು.

ರಟ್ಟುಗಳನ್ನು ನಂಬರಿನ ಪ್ರಕಾರ ದಾರದಿಂದ ಹೊಲಿಯುವ ಕೆಲಸ ನನ್ನದು. ಬಾಯಲ್ಲಿ ಅದೇ ವಾದ, ಕೈಯಲ್ಲಿ ಸೂಜಿ. ಒಂದನೇ ನಂಬರಿನ ಬದಲು ಕೊನೆಯ ನಂಬರಿನಿಂದ ಉಲ್ಟಾ ಹೊಲಿದುಬಿಟ್ಟಿದ್ದೆ! ಬಟ್ಟೆಯ ಒಳಮೈ ಮೇಲೆ, ನಕ್ಷೆಯ ಮೈ ಕೆಳಗಾಗಿ ನೇಯುವುದರಿಂದ ಮಗ್ಗದಿಂದ ಇಳಿಸುವತನಕ ತಿಳಿಯಲಿಲ್ಲ. ಬಿಡಿಸಿ ನೋಡಿದರೆ ರಾಕೆಟ್ ತಲೆಕೆಳಗು.

ಅತ್ತೆ ಹಣೆ ಚಚ್ಚಿಕೊಂಡರು. “ಗಂಡ-ಹೆಂಡ್ತಿ ಕೂಡಿ ಎಂಥಾ ಘನಂದಾರಿ ಕೆಲಸ ಮಾಡೀರಿ! ರಾಕೆಟ್ ಬಿತ್ತಲ್ಲೋ!”

“ಬಿದ್ದಿಲ್ಲ ಬೇ, ಮನಿಗಿ ಇಳ್ಯಾಕತ್ತೈತಿ” ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, “ಈ ಸರ್ತಿ ನಿಂದಾತು. ಮುಂದಿನ ಸೀರಿ ನಂದು ನೋಡು” ಎಂದರು.

ಆ ಮುಂದಿನ ಸೀರೆಗೆ ಸೆರಗಿನ ತುಂಬ ದೊಡ್ಡ ರಾಕೆಟ್ ಬರೆದರು. ರಟ್ಟು ಅರ್ಧ ಹೊಡೆದಿದ್ದರು. ಅಷ್ಟರಲ್ಲಿ ಜಡ್ಡು, ಆಸ್ಪತ್ರೆ... ಹಾಸಿಗೆಯಿಂದಲೂ ಕೇಳುತ್ತಿದ್ದರು, “ರಟ್ಟು ಎಲ್ಲಿಟ್ಟೀಯಲೇ?” “ಅದಾವ್ರೀ, ಎಲ್ಲಿ ಹೋಗ್ತಾವ” ಎನ್ನುತ್ತಿದ್ದೆ.

ರಟ್ಟು ಹೋಗಲಿಲ್ಲ. ಅವರು ಹೋದರು.

ಹೋದ ತಿಂಗಳು ಮೈದುನ ಬಂದು, “ವೈನೀ, ಈಗ ಎಲ್ಲಾರ ಕಡೆ ಕಂಪ್ಯೂಟರ್ ಜಕಾರ್ಡ್ ಬಂದಾವ. ಆ ಚೀಲ ರದ್ದಿಗಿ ಹಾಕೂಣು” ಎಂದ.

“ಮುಟ್ಟಿದ್ರ ನೋಡು!” ಎಂದೆ. ಅವತ್ತೇ ನಾನು ಚೀಲ ಬಿಚ್ಚಿದ್ದು.

ತೂತು ಹೊಡೆಯಲು ನನಗೆ ಬರುತ್ತಿರಲಿಲ್ಲ. ಕಲಿತೆ. ಕೆಟ್ಟ ರಟ್ಟು ಎಸೆದು ಮತ್ತೆ ಹೊಡೆದೆ. ಅವರ ಗ್ರಾಫಿನ ಚೌಕ ಚೌಕದ ಮೇಲೂ ಬೆರಳಿಟ್ಟುಕೊಂಡು ಉಳಿದರ್ಧ ಮುಗಿಸಿದೆ. ಒಮ್ಮೆ ಹಿಡಿದದ್ದನ್ನು ಬಿಡುವ ಪೈಕಿ ನಾನಲ್ಲ.

ನಾಲ್ಕು ದಿನದ ಹಿಂದೆ ಹೊಲಿಯಲು ಕೂತೆ. ಸೂಜಿಗೆ ದಾರ ಪೋಣಿಸಿ ತಡೆದೆ. ಕೊನೆಯ ನಂಬರಿನಿಂದ ಹೊಲಿದರೆ ಸಾಕು, ರಾಕೆಟ್ ಮನೆಗೆ ಇಳಿಯುತ್ತದೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಆ ಕಡೆಗೇ ಹೋಯಿತು. ಸುಳ್ಳೇಕೆ ಹೇಳಲಿ, ಕೂತಲ್ಲೇ ಅತ್ತುಬಿಟ್ಟೆ.

ಆಮೇಲೆ ಮೂಗು ಒರೆಸಿಕೊಂಡು ಒಂದನೇ ನಂಬರಿನ ರಟ್ಟು ಎತ್ತಿಕೊಂಡೆ. “ಆತ್ರೀ, ಈ ಸರ್ತಿ ನಿಮ್ಮದು” ಎಂದೆ. ಮೂರು ಸಲ ನಂಬರು ನೋಡಿ ನೋಡಿ ಹೊಲಿದೆ. ನಮ್ಮ ಹಳೆಯ ಜಕಾರ್ಡಿಗೇ ಹಾಕಿ ನೇಯ್ದೆ.

ಇವತ್ತು ಸೀರೆ ಮಗ್ಗದಿಂದ ಇಳಿಯಿತು. ಬಿಡಿಸಿ ಸೆರಗನ್ನು ಗೋಡೆಗೆ ಹಿಡಿದೆ. ರಾಕೆಟ್ ಮೇಲಕ್ಕೇ ಹೊರಟಿದೆ, ಒಂದು ಎಳೆಯೂ ತಪ್ಪಿಲ್ಲ. ಅವರು ತಿರುಗಿ ಬರುವುದಿಲ್ಲ, ಗೊತ್ತು. ಆದರೂ ಹೊರಟವರಿಗೆ ನಮ್ಮ ಕಡೆ ಏನು ಹೇಳುತ್ತೇವೋ ಅದನ್ನೇ ಹೇಳಿದೆ.

“ಹೋಗಿ ಬರ್ರಿ.”