ಸೀಸ ಮತ್ತು ಕಾಡಿಗೆ

ಈ ಅರಬ್ ನಾಡಿನಲ್ಲಿ ಬನಿಯಾಸ್ ಊರು ದಾಟಿ ಇನ್ನಷ್ಟು ದೂರ ಹೋದರೆ ಸಿಗುವ ಶೂಟಿಂಗ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ನನ್ನ ಕೆಲಸ. ಸದಸ್ಯರೊಬ್ಬರ ಬಳಿ ಭಾರಿ ರಿವಾಲ್ವರ್‌ಗಳಿವೆ. ಕಾರ್ಖಾನೆಯ ಗುಂಡು ಅವರಿಗೆ ಹಿಡಿಸುವುದಿಲ್ಲ. ಹಾಗಾಗಿ ನಾನು ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತೇನೆ, ತಣಿದ ಗುಂಡುಗಳನ್ನು ಬೆರಳಲ್ಲಿ ತಿರುಗಿಸಿ ನೋಡಿ ಮದ್ದು ತುಂಬಿದ ತೋಟೆಗಳಿಗೆ ಕೂರಿಸುತ್ತೇನೆ. ಬುಡದಲ್ಲಿ ಒಂದು ಸುಕ್ಕು ಕಂಡರೂ ಗುಂಡು ಮತ್ತೆ ಪಾತ್ರೆಗೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು. ಊರಿನವರು ಕೇಳಿದರೆ ಮಾತ್ರ ‘ಕ್ಲಬ್ಬಲ್ಲಿ ಕೆಲಸ’ ಎಂದಷ್ಟೇ ಹೇಳುತ್ತಿದ್ದೆ.

ಸಂಜೆ ಕ್ಲಬ್ಬಿನ ಮಜ್ಲಿಸ್‌ನಲ್ಲಿ ಅತಿಥಿಗಳಿಗೆ ಕಾಫಿ, ಖರ್ಜೂರ ಇಡುತ್ತಾರೆ. ಹೊರಡುವಾಗ ಒಂದೆರಡು ಖರ್ಜೂರ ಅಂಗಿಯ ಕಿಸೆಗೆ ಹಾಕಿಕೊಳ್ಳುವುದು ನನ್ನ ರೂಢಿ. ಬಾಗಿಲು ತೆರೆದ ಕೂಡಲೇ ಮಗಳು ಓಡಿ ಬಂದು ಕಿಸೆಗೆ ಕೈ ಹಾಕುವಳು, ಅಲ್ಲೇ ನಿಂತು ತಿಂದು ಬೆರಳು ಚೀಪುವಳು. ಇಡೀ ದಿನದಲ್ಲಿ ನಾನು ಕಾಯುತ್ತಿದ್ದ ಹೊತ್ತು ಅದು.

ಈಚೆಗೆ ಅವಳು ಸಪ್ಪಗಾದಳು. ಹೊಟ್ಟೆನೋವು, ಊಟ ಬೇಡ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಸೀಸದ ಅಂಶ ಇದೆ ಎಂದರು. “ಮಗುವಿನ ಕಣ್ಣಿಗೆ ಸುರ್ಮಾ ಹಚ್ಚುತ್ತೀರಾ? ಕೆಲವದರಲ್ಲಿ ಸೀಸ ಇರುತ್ತದೆ” ಎಂದು ಕೇಳಿದರು.

“ಹೌದು, ಅಜ್ಜಿ ಊರಿಂದ ಕಾಡಿಗೆ ಕಳಿಸ್ತಾರೆ” ಎಂದುಬಿಟ್ಟೆ. ಆಮೇಲೆ ನನ್ನ ಕೆಲಸ ಏನೆಂದು ಕೇಳಿದರು. ‘ಕ್ಲಬ್ಬಲ್ಲಿ ಕೆಲಸ’ ಎಂದೆ, ಊರಿನವರಿಗೆ ಹೇಳಿದ ಹಾಗೆಯೇ.

ಅತ್ತೆಯ ಕಾಡಿಗೆ ಎಂದರೆ ಹರಳೆಣ್ಣೆ ದೀಪದ ಮಸಿ, ಚೂರು ತುಪ್ಪ. ಅದರಲ್ಲಿ ಸೀಸ ಎಲ್ಲಿಂದ ಬರಬೇಕು? ನಮ್ಮ ಮನೆಯಲ್ಲಿ ಸೀಸದ ಗುಣ ತಿಳಿದವನು ನಾನೊಬ್ಬನೇ. ಆ ಒಬ್ಬನೇ ಬಾಯಿ ಮುಚ್ಚಿ ಕುಳಿತ. ಹೆಂಡತಿ ಕಾಡಿಗೆ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದು ತಾಯಿಗೆ ಫೋನ್ ಮಾಡಿದಳು. “ಅಮ್ಮ, ಅದಕ್ಕೆ ಎಂತ ಹಾಕಿದ್ದೀರಿ ನೀವು?” ಎಂದು ಕೂಗಾಡಿದಳು. ಅತ್ತೆ ಅಳುವುದು ನನಗೂ ಕೇಳಿಸಿತು. ನಾನು ಎದ್ದು ಬಾಲ್ಕನಿಗೆ ಹೋದೆ.

ಮರುದಿನ ಕೋಣೆಯಲ್ಲಿ ಕುಳಿತು ಕೈ ನೋಡಿಕೊಂಡೆ. ಬೆರಳ ಗೆರೆಗಳಲ್ಲೆಲ್ಲ ಬೂದು ಬಣ್ಣದ ಹುಡಿ. ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಲೇಬೇಕೆಂದು ಗೋಡೆಯ ಮೇಲೆ ಬೋರ್ಡಿದೆ, ನಾನು ಒಂದು ದಿನವೂ ತಪ್ಪಿಸಿದವನಲ್ಲ. ನನ್ನ ಊಟಕ್ಕೆ ಕೈ ತೊಳೆಯುತ್ತಿದ್ದೆ. ಮಗಳ ಖರ್ಜೂರವನ್ನು ಮಾತ್ರ ಅದೇ ಹುಡಿ ಹಿಡಿದ ಅಂಗಿಯ ಕಿಸೆಯಲ್ಲಿ ಇಡುತ್ತಿದ್ದೆ. ಅಂಟಂಟಾದ ಖರ್ಜೂರಕ್ಕೆ ಏನು ಬೇಕಾದರೂ ಮೆತ್ತಿಕೊಳ್ಳುತ್ತದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಂದಿನಿಂದ ಕ್ಲಬ್ಬಿನಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಬರತೊಡಗಿದೆ. ಖರ್ಜೂರ ನಿಂತಿತು. ಮಗಳು ಕೆಲವು ದಿನ ಖಾಲಿ ಕಿಸೆ ತಡಕಿ, “ನಥಿಂಗ್, ಪಪ್ಪಾ?” ಎಂದು ಕೇಳಿ ಆಮೇಲೆ ಕೇಳುವುದನ್ನೇ ಬಿಟ್ಟಳು. ಮುಂದಿನ ಪರೀಕ್ಷೆಯಲ್ಲಿ ಸೀಸ ಇಳಿದಿತ್ತು. “ಕಾಡಿಗೆ ಬಿಟ್ಟದ್ದೇ ಒಳ್ಳೆದಾಯ್ತು” ಎಂದು ಹೆಂಡತಿ ಊರಿಗೆಲ್ಲ ಹೇಳಿದಳು. ನಾನು ಹೂಂ ಎಂದೆ. ಅದಕ್ಕೆ ಕ್ಷಮೆ ಇಲ್ಲ.

ಕಳೆದ ವಾರ ನಾದಿನಿಗೆ ಹೆರಿಗೆಯಾಯಿತು. ವಿಡಿಯೋ ಕಾಲ್‌ನಲ್ಲಿ ಅತ್ತೆ ಕೂಸನ್ನು ಎತ್ತಿ ತೋರಿಸಿದರು. ಹಣೆಯಲ್ಲಿ ಬೊಟ್ಟಿಲ್ಲ, ಕಣ್ಣಿಗೆ ಕಾಡಿಗೆ ಇಲ್ಲ.

“ಇವನಿಗೆ ಹಚ್ಚುವುದಿಲ್ಲ ಮಾರಾಯ್ರೆ. ನಿಮ್ಮ ಮಗಳಿಗೆ ನಾನು ಮಾಡಿದ್ದೇ ಸಾಕು” ಎಂದರು.

ನನಗೆ ತಡೆಯಲಾಗಲಿಲ್ಲ. “ಅತ್ತೆ, ನಿಮ್ಮ ಕಾಡಿಗೆಯಲ್ಲಿ ಎಂತದೂ ಇರ್ಲಿಲ್ಲ. ಸೀಸ ಕರಗಿಸುವುದೇ ನನ್ನ ಕೆಲಸ. ನನ್ನ ಅಂಗಿಯಿಂದ, ನಾನು ತಂದ ಖರ್ಜೂರದಿಂದ ಆದದ್ದು ಅದು.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನನಗೆ ಬೇಜಾರಾಗ್ಬಾರ್ದು ಅಂತ ಹೀಗೆ ಹೇಳ್ತೀರಿ. ನಿಮ್ಮಂಥ ಅಳಿಯ ಸಿಗ್ಲಿಕ್ಕೆ ನಾನು ಪುಣ್ಯ ಮಾಡಿರ್ಬೇಕು.”

ಪಕ್ಕದಲ್ಲಿದ್ದ ಹೆಂಡತಿ ಫೋನಿನ ಕಡೆ ನೋಡುತ್ತಿರಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದಳು.