ಅತ್ತೆ ತಟ್ಟಿದ ಕಾಫಿ ಕುಳ್ಳು

ಮರಾಠಿ ಸೀಮೆಯ ಉದಗೀರದಂಥ ಚಹಾದ ಊರಿನಲ್ಲಿ, ನಮ್ಮ ಇಡ್ಲಿ ಅಂಗಡಿಯಲ್ಲಿ ಫಿಲ್ಟರ್ ಕಾಫಿ ಮಾರುತ್ತೇನೆಂದು ಹೊರಟವರು ನನ್ನ ಗಂಡ. ತಲೆ ನೆಟ್ಟಗಿದೆಯೇ ಎಂದು ಕೇಳಿದ್ದೆ. ಕಾಲೇಜಿನ ಹುಡುಗರಿಗೆ ರುಚಿ ಹತ್ತಿತು, ಇಡ್ಲಿಯ ಜೊತೆ ಕಾಫಿಯೂ ಓಡಿತು. ಸೋಸಿ ಉಳಿದ ಚರಟವನ್ನು ನಾನು ದಿನಾ ಹಿಂದಿನ ಗಟಾರಕ್ಕೆ ಸುರಿಯುತ್ತಿದ್ದೆ. ಗಟಾರ ಮೂರು ಸಲ ಕಟ್ಟಿಕೊಂಡಿತು. ಮೂರನೆಯ ಸಲ ಹೊಲಸು ನೀರು ಹಿಂದಿನ ಮನೆಯಲ್ಲೇ ಇದ್ದ ಅಂಗಡಿ ಮಾಲೀಕರ ಅಂಗಳಕ್ಕೇ ನುಗ್ಗಿತು. ಮಾಲೀಕರು ಕಾಳಿನ ವ್ಯಾಪಾರಿ, ನಮ್ಮ ಹಾಗೇ ಕನ್ನಡದವರು, ಮೆತ್ತನೆಯ ಮನುಷ್ಯ. ಅಂಥವರೂ ಇನ್ನೊಮ್ಮೆ ಹೀಗಾದರೆ ಅಂಗಡಿ ಖಾಲಿ ಮಾಡಿ ಎಂದು ಹೇಳಿಹೋದರು. ಆ ಅಂಗಡಿ ಹೋದರೆ ನಮ್ಮ ಅನ್ನವೇ ಹೋದಂತೆ.

ನನ್ನ ಅತ್ತೆ ದಾಳಿಂಬ ಎಂಬ ಹಳ್ಳಿಯವರು. ಕಾಫಿಯನ್ನು ಒಂದು ಗುಟುಕೂ ಕುಡಿದವರಲ್ಲ. ಚರಟವನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ, ಇದೂ ಉರಿಯುತ್ತದೆ, ಚೆಲ್ಲಬೇಡ ಎಂದರು. ಸೆಗಣಿ ಕಲಸಿ, ಹುಟ್ಟಿದಾಗಿನ ರೂಢಿಯಂತೆ ಎದುರಿಗೆ ಕಂಡ ಗೋಡೆಗೆ ಬೆರಣಿಯ ಹಾಗೆ ಪಟಪಟ ತಟ್ಟಿಬಿಟ್ಟರು. ಅದು ಮಗಳ ಬಾಣಂತನಕ್ಕೆಂದು ಮಾಲೀಕರು ಆಗಷ್ಟೇ ಸುಣ್ಣ ಬಳಿಸಿದ್ದ ಗೋಡೆ! ಬರೀ ಸೆಗಣಿಯಂತೆ ಚರಟ ಅಂಟುವುದಿಲ್ಲ. ಸಂಜೆಯೊಳಗೆ ಅರ್ಧ ಕುಳ್ಳು ಉದುರಿದವು, ಗೋಡೆಯ ತುಂಬ ಕಂದು ಕಲೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಮ್ಮನ್ನ ಬೀದಿಗಿ ತಂದೇ ಬಿಡ್ತೀರೇನ್ರಿ, ಅತ್ತೀ?" ಎಂದು ನಾಲ್ಕು ಜನರ ಮುಂದೆ ಕೂಗಿದೆ. ಅವರು ಗೋಡೆ ತೊಳೆದರು. ಕಲೆ ಪೂರ್ತಿ ಹೋಗಲಿಲ್ಲ. ಆದರೂ ಅತ್ತೆ ಹಟ ಬಿಡಲಿಲ್ಲ. ಅನ್ನ ಬಸಿದ ಗಂಜಿ ಹಾಕಿ ಕಲಸಿ, ಒಡೆದ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಒತ್ತಿ, ಒಲೆಯ ಮೇಲಿನ ಹಲಗೆಯಲ್ಲಿ ಒಣಗಿಸಿದರು. ಕಲ್ಲಿನಂತೆ ಗಟ್ಟಿಯಾದವು. ಗಟಾರವೂ ಕಟ್ಟಲಿಲ್ಲ. ನಾನು ಕಂಡೂ ಕಾಣದವಳಂತೆ ಇದ್ದೆ.

ಆಮೇಲೆ ಮೂರು ದಿನ ಬಿಡದೆ ಮಳೆ. ಕರೆಂಟು ಹೋಯಿತು. ಮಾಲೀಕರ ಮಗಳು ಎಂಟು ದಿನದ ಬಾಣಂತಿ. ಅವರ ಮನೆಯಲ್ಲಿ ನೀರು ಕಾಯಿಸುವ ತಾಮ್ರದ ಬಂಬಿತ್ತು, ಆದರೆ ಕಟ್ಟಿಗೆ, ಕುಳ್ಳು ಎಲ್ಲ ತೊಯ್ದು ಬರೀ ಹೊಗೆ. ಕೂಸು ಅಳುವುದು ನಮಗೂ ಕೇಳುತ್ತಿತ್ತು. ಅತ್ತೆ ಪುಟ್ಟಿಯಲ್ಲಿ ಕಾಫಿ ಕುಳ್ಳು ತುಂಬಿ ನನ್ನ ಕೈಗಿಟ್ಟು ನಡಿ ಎಂದರು. ಯಾವ ಮುಖ ಹೊತ್ತು ಅವರ ಮನೆಗೆ ಹೋಗಲಿ ಎಂದೆ.

"ಕೂಸಿಗಿ ಬಿಸಿನೀರ್ ಬೇಕಾಗ್ಯಾವ. ನಿನ್ನ ಮಾರಿ ಯಾರ್ ನೋಡ್ತಾರ ಅಲ್ಲಿ?"

ಹೋದೆವು. ಅತ್ತೆ ತಾವೇ ಬಂಬಿನ ಮುಂದೆ ಕೂತು ಊದಿದರು. ಮೊದಲು ಹೊಗೆಯಾಯಿತು, ಆಮೇಲೆ ಕೆಂಪಗೆ ಹಿಡಿದು ನಿಧಾನ ಉರಿಯಿತು. ತಾಯಿ, ಕೂಸು ಇಬ್ಬರಿಗೂ ಎರೆದರು. ಮೈ ಬೆಚ್ಚಗಾದ ಕೂಸು ಹಾಗೇ ನಿದ್ದೆ ಹೋಯಿತು.

ಮರುದಿನ ಮಾಲೀಕರು ಅಂಗಡಿಗೆ ಬಂದಾಗ ನಾನು ತಲೆ ತಗ್ಗಿಸಿ ಲೋಟ ತೊಳೆಯತೊಡಗಿದೆ. ಅವರು ನನ್ನನ್ನು ದಾಟಿ ಅತ್ತೆಯ ಮುಂದೆ ಹೋಗಿ ನಿಂತರು.

"ಯವ್ವಾ, ನಮ್ಮ ಹುಡುಗಿ ಐದ್ ತಿಂಗಳ ಇರ್ತಾಳ್ರಿ. ಬಂಬಿಗಿ ನಿಮ್ಮ ಕುಳ್ಳೇ ಬೇಕು. ಅಂಗಡಿ ಬಿಡೂ ಮಾತು ಮರತುಬಿಡ್ರಿ."

ಅವರು ಹೋದ ಮೇಲೆ ನಾನು ಅತ್ತೆಯ ಕಾಲಿಗೆ ಬಿದ್ದೆ. ಆವತ್ತು ಕೂಗಾಡಿದ್ದಕ್ಕೆ ತಪ್ಪಾಯಿತು ಎನ್ನುವಷ್ಟರಲ್ಲಿ ಅವರು ಕಾಲು ಹಿಂದಕ್ಕೆಳೆದುಕೊಂಡು, ಗಿರಾಕಿ ನಿಂತಿದ್ದಾರೆ ನೋಡು ಎಂದು ಗದರಿದರು. ಈಗಲೂ ಆ ಮಾತು ತೆಗೆಯಲು ಬಿಡುವುದಿಲ್ಲ. ನನ್ನ ಸಂಸಾರ ನಿಂತದ್ದು ಅವರಿಂದ. ಎದುರಿಗೆ ಹೇಳಿದರೆ ಬೈಯುತ್ತಾರೆ, ಅದಕ್ಕೇ ಇಲ್ಲಿ ಬರೆದಿದ್ದೇನೆ.